ಮನೆಯೊಳಗಿನ ಮಾನ್‌ಸ್ಟೆರಾಗೆ ಎಷ್ಟು ಬೆಳಕು? ಕಿಟಕಿ ಆರಿಸುವುದರಿಂದ ಬಲ್ಬ್ ಹಾಕುವವರೆಗೆ ಸಮಗ್ರ ಮಾರ್ಗದರ್ಶಿ

ನರ್ಸರಿಯಲ್ಲಿ ಮೊರದಗಲದ, ಸೀಳುಸೀಳಾದ ಎಲೆ ಬಿಟ್ಟುಕೊಂಡು ನಿಂತಿದ್ದ ಮಾನ್‌ಸ್ಟೆರಾ ಗಿಡ ಮನೆಗೆ ಬಂದ ಮೇಲೆ ಸೊರಗುತ್ತದೆ. ಹೊಸ ಎಲೆ ಸಣ್ಣದಾಗಿ ಬರುತ್ತದೆ. ಅದರಲ್ಲಿ ಸೀಳೇ ಇರುವುದಿಲ್ಲ. ತೊಟ್ಟುಗಳು ಉದ್ದುದ್ದಕ್ಕೆ ಚಾಚಿಕೊಂಡು ಗಿಡ ಒಂದು ಕಡೆ ವಾಲುತ್ತದೆ. ಆಗ ನಾವು ಗೊಬ್ಬರ ಹಾಕುತ್ತೇವೆ, ಮಣ್ಣು ಬದಲಿಸುತ್ತೇವೆ, ನೀರು ಜಾಸ್ತಿ ಮಾಡುತ್ತೇವೆ. ಹತ್ತರಲ್ಲಿ ಒಂಬತ್ತು ಸಲ ಕೊರತೆ ಇರುವುದು ಬೆಳಕಿನದು.

ಬೆಳಕಿನ ಬಗ್ಗೆ ಓದಲು ಹೊರಟರೆ ಸಿಗುವ ಸಲಹೆಗಳಲ್ಲಿ ಬಹುಪಾಲು ಯುರೋಪು, ಅಮೆರಿಕದ ಮನೆಗಳಿಗೆ ಬರೆದವು. ದಕ್ಷಿಣದ ಕಿಟಕಿಯಲ್ಲಿ ಇಡೀ ವರ್ಷ ಬಿಸಿಲು, ಚಳಿಗಾಲದಲ್ಲಿ ಬೆಳಕು ಕಡಿಮೆ ಎಂದು ಅವು ಹೇಳುತ್ತವೆ. ಅವರ ಊರಿಗೆ ಅದು ಸರಿ. ನಮ್ಮಲ್ಲಿ ಸೂರ್ಯ ನೆತ್ತಿಯ ಮೇಲೇ ಓಡಾಡುತ್ತಾನೆ. ಬೆಳಕು ಕುಸಿಯುವುದು ಮಳೆಗಾಲದಲ್ಲಿ. ಹಾಗಾಗಿ ನಮ್ಮ ಕಿಟಕಿಯ ಲೆಕ್ಕವನ್ನು ನಾವೇ ಹಾಕಿಕೊಳ್ಳಬೇಕು. ಅದು ಕಷ್ಟವೇನಲ್ಲ, ಒಂದು ಭಾನುವಾರ ಸಾಕು.

ಇಲ್ಲಿ ಮಾನ್‌ಸ್ಟೆರಾ ಡೆಲಿಸಿಯೋಸಾ ಗಿಡವನ್ನು, ಬೆಂಗಳೂರಿನ ಮನೆಯನ್ನು ಮುಂದಿಟ್ಟುಕೊಂಡು ಹೇಳುತ್ತೇನೆ. ಮನಿ ಪ್ಲಾಂಟ್, ಫಿಲೊಡೆಂಡ್ರಾನ್ ಇರುವವರಿಗೂ ಹೆಚ್ಚುಕಡಿಮೆ ಇದೇ ನಡೆಯುತ್ತದೆ.

ಈ ಗಿಡ ಕತ್ತಲೆಯದ್ದಲ್ಲ

ಮಾನ್‌ಸ್ಟೆರಾದ ತವರು ದಕ್ಷಿಣ ಮೆಕ್ಸಿಕೋದಿಂದ ಪನಾಮಾದವರೆಗಿನ ಮಳೆಕಾಡು. ಅಲ್ಲಿ ಅದು ಮರ ಹತ್ತುವ ಬಳ್ಳಿ. ಅದರ ಹತ್ತಿರದ ನೆಂಟ ಮಾನ್‌ಸ್ಟೆರಾ ಜೈಗ್ಯಾಂಟಿಯಾದ ಮೊಳಕೆಗಳನ್ನು ವಿಜ್ಞಾನಿಗಳಾದ ಡೊನಾಲ್ಡ್ ಸ್ಟ್ರಾಂಗ್ ಮತ್ತು ಥಾಮಸ್ ರೇ ಗಮನಿಸಿ, 1975ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬರೆದರು. ಆ ಮೊಳಕೆಗಳು ಬೆಳಕಿನ ಕಡೆಗಲ್ಲ, ಕತ್ತಲೆಯ ಕಡೆಗೆ ತೆವಳುತ್ತವೆ. ಕಾಡಿನ ನೆಲದಲ್ಲಿ ಎಲ್ಲಕ್ಕಿಂತ ಕಪ್ಪಾಗಿ ಕಾಣುವುದು ದಪ್ಪ ಮರದ ಬುಡ. ಅಲ್ಲಿಗೆ ಹೋದರೆ ಹತ್ತಲು ಆಸರೆ ಸಿಗುತ್ತದೆ. ಕಾಂಡ ಸಿಕ್ಕಿದ ಮೇಲೆ ಬಳ್ಳಿ ಮೇಲಕ್ಕೆ ಬೆಳಕು ಹುಡುಕಿ ಹತ್ತುತ್ತದೆ. ದೊಡ್ಡ ಎಲೆಗಳು ಬರುವುದು ಆಮೇಲೆ.

ಎಲೆಯ ಸೀಳು, ತೂತುಗಳಿಗೂ ಬೆಳಕಿಗೂ ನಂಟಿದೆ ಎನ್ನುವ ವಾದವಿದೆ. ಕಾಡಿನೊಳಗೆ ಬಿಸಿಲು ಬೀಳುವುದು ಅಲ್ಲೊಂದು ಇಲ್ಲೊಂದು ತುಣುಕಾಗಿ. ಅಷ್ಟೇ ಎಲೆಯನ್ನು ತೂತು ಬಿಟ್ಟು ಅಗಲಕ್ಕೆ ಹರಡಿದರೆ ಯಾವುದಾದರೂ ಒಂದು ತುಣುಕು ತಾಗುವ ಸಾಧ್ಯತೆ ಜಾಸ್ತಿ ಎಂದು ವಿಜ್ಞಾನಿ ಕ್ರಿಸ್ಟೋಫರ್ ಮ್ಯೂರ್ 2013ರಲ್ಲಿ ಲೆಕ್ಕ ಹಾಕಿ ತೋರಿಸಿದರು. ನಮಗೆ ಇದರಿಂದ ತಿಳಿಯಬೇಕಾದದ್ದು ಇಷ್ಟು: ಮರದ ನೆರಳಲ್ಲಿ ಸೋಸಿ ಬರುವ ಬೆಳಕು ಇದಕ್ಕೆ ಇಷ್ಟ. ‘ಕಡಿಮೆ ಬೆಳಕಿನ ಗಿಡ’ ಎಂಬ ಚೀಟಿ ಅಂಟಿಸಿ ಮಾರಿದರೂ ಅದು ಕತ್ತಲಲ್ಲಿ ಬೆಳೆಯುವುದಿಲ್ಲ. ಸಾಯದೆ ಕಾಯುತ್ತದೆ, ಅಷ್ಟೇ.

ಹೆಜ್ಜೆ 1: ನರ್ಸರಿಯಲ್ಲೇ ಒಂದು ಮಾತು ಕೇಳಿ

‘ಇದನ್ನು ಎಷ್ಟು ಪರ್ಸೆಂಟ್ ನೆಟ್ ಕೆಳಗೆ ಬೆಳೆಸಿದ್ರಿ?’ ಎಂದು ಕೇಳಿ. ಹಸಿರು ಶೇಡ್ ನೆಟ್ ಸಾಮಾನ್ಯವಾಗಿ 50 ಅಥವಾ 75 ಪರ್ಸೆಂಟಿನದು. 75 ಎಂದರೆ ಬಿಸಿಲಿನ ಮುಕ್ಕಾಲು ಭಾಗ ತಡೆದು ಕಾಲು ಭಾಗ ಬಿಡುತ್ತದೆ.

ಬೆಳಕನ್ನು ಅಳೆಯುವ ಅಳತೆ ಲಕ್ಸ್. ಬಯಲಿನಲ್ಲಿ ಮಟಮಟ ಮಧ್ಯಾಹ್ನ ಸುಮಾರು 1 ಲಕ್ಷ ಲಕ್ಸ್ ಇರುತ್ತದೆ. 75 ಪರ್ಸೆಂಟ್ ನೆಟ್ ಕೆಳಗೂ 25,000 ಉಳಿಯುತ್ತದೆ. ಮನೆಯ ಹಾಲ್‌ನಲ್ಲಿ ಸೋಫಾ ಪಕ್ಕದ ಮೂಲೆಯಲ್ಲಿ ಹಗಲು ಹೊತ್ತು 200-300 ಇದ್ದರೆ ಹೆಚ್ಚು. ನರ್ಸರಿಯಿಂದ ನೇರ ಆ ಮೂಲೆಗೆ ಬಂದ ಗಿಡದ ಬೆಳಕು ಎಂಬತ್ತು, ನೂರು ಪಟ್ಟು ಇಳಿದಿರುತ್ತದೆ. ನಮ್ಮ ಕಣ್ಣಿಗೆ ಈ ಅಂತರ ಗೊತ್ತಾಗುವುದಿಲ್ಲ. ಪಾಪೆ ತಕ್ಷಣ ಹಿಗ್ಗಿ ಕುಗ್ಗಿ ಒಗ್ಗಿಕೊಂಡುಬಿಡುತ್ತದೆ. ‘ನಮ್ಮ ಹಾಲ್ ತುಂಬಾ ಬೆಳಕಾಗಿದೆ’ ಎಂಬ ಮಾತನ್ನು ಗಿಡದ ವಿಷಯದಲ್ಲಿ ನಂಬಬಾರದು, ಅದು ನಾವೇ ಹೇಳಿದ್ದಾದರೂ.

ಹೆಜ್ಜೆ 2: ಕಿಟಕಿ ಯಾವ ದಿಕ್ಕಿಗಿದೆ ನೋಡಿ

ಬೆಂಗಳೂರು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಏಪ್ರಿಲ್ 24ರ ಆಸುಪಾಸು ಮತ್ತು ಆಗಸ್ಟ್ 18ರ ಆಸುಪಾಸು ಇಲ್ಲಿ ಶೂನ್ಯ ನೆರಳಿನ ದಿನ. ಮಧ್ಯಾಹ್ನ ಹನ್ನೆರಡು ಕಾಲು ದಾಟುವ ಹೊತ್ತಿಗೆ ನೆಟ್ಟಗೆ ನಿಲ್ಲಿಸಿದ ಕೋಲಿನ ನೆರಳು ಬುಡದಲ್ಲೇ ಅಡಗುತ್ತದೆ. ಶಾಲೆ ಮಕ್ಕಳು ಬಾಟಲಿ, ಲೋಟ ಇಟ್ಟು ನೋಡುತ್ತಾರಲ್ಲ, ಅದೇ. ಈ ಎರಡು ದಿನಗಳ ನಡುವೆ ಮಧ್ಯಾಹ್ನದ ಸೂರ್ಯ ನಮ್ಮ ಉತ್ತರಕ್ಕಿರುತ್ತಾನೆ. ಉಳಿದ ಎಂಟು ತಿಂಗಳು ದಕ್ಷಿಣಕ್ಕೆ. ಕಿಟಕಿಯ ಕಥೆಯೆಲ್ಲ ಇದರ ಮೇಲೆ ನಿಂತಿದೆ.

ಪೂರ್ವದ ಕಿಟಕಿ ಮಾನ್‌ಸ್ಟೆರಾಗೆ ಅತ್ಯುತ್ತಮ. ಬೆಳಗಿನ ಎಳೆ ಬಿಸಿಲು ಎರಡು ಮೂರು ಗಂಟೆ ಎಲೆಗೆ ನೇರವಾಗಿ ಬಿದ್ದರೂ ಸುಡುವುದಿಲ್ಲ. ಗಾಜಿನಿಂದ ಒಂದೆರಡು ಅಡಿ ಒಳಗೆ ಇಟ್ಟು ಮರೆತುಬಿಡಬಹುದು. ಆಯ್ಕೆ ಇದ್ದರೆ ಇದನ್ನೇ ಆರಿಸಿ.

ಪಶ್ಚಿಮದ ಕಿಟಕಿಯಲ್ಲಿ ಬೆಳಕು ಪೂರ್ವದಷ್ಟೇ ಇರುತ್ತದೆ. ಆದರೆ ಗಾಳಿ, ಗೋಡೆ, ಗಾಜು ಎಲ್ಲ ಕಾದ ಮೇಲೆ ಬರುವ ಬಿಸಿಲು ಅದು. ಮಾರ್ಚ್‌ನಿಂದ ಮೇವರೆಗೆ ಗಾಜಿಗೆ ತಾಗಿದ ಎಲೆ ಸುಟ್ಟೇ ಹೋಗುತ್ತದೆ. ತೆಳು ಬಿಳಿ ಕರ್ಟನ್ ಹಾಕಿ, ಗಿಡವನ್ನು ಮೂರ್ನಾಲ್ಕು ಅಡಿ ಹಿಂದೆ ಸರಿಸಿ. ರಾಯಚೂರು, ಕಲಬುರಗಿ ಕಡೆಯವರು ಬೇಸಿಗೆಯಲ್ಲಿ ಪಶ್ಚಿಮದ ಕಿಟಕಿಯ ಆಸೆಯನ್ನೇ ಬಿಡುವುದು ಒಳ್ಳೆಯದು.

ದಕ್ಷಿಣದ ಕಿಟಕಿಯಲ್ಲಿ ಡಿಸೆಂಬರ್‌ನ ಮಧ್ಯಾಹ್ನ ಸೂರ್ಯ ಸುಮಾರು 53 ಡಿಗ್ರಿ ಎತ್ತರದಲ್ಲಿರುತ್ತಾನೆ. ಆಗ ಬಿಸಿಲು ಸಜ್ಜಾದ ಕೆಳಗಿಂದ ನುಸುಳಿ ಒಳಗಿನ ನೆಲಕ್ಕೂ ಬೀಳುತ್ತದೆ. ಗಿಡಕ್ಕೆ ಅದು ಒಳ್ಳೆಯ ಕಾಲ. ಮೇ, ಜೂನ್ ಬರುವಷ್ಟರಲ್ಲಿ ಅದೇ ಕಿಟಕಿಗೆ ನೇರ ಬಿಸಿಲು ಬಹುತೇಕ ನಿಂತುಹೋಗುತ್ತದೆ. ‘ಚಳಿಗಾಲದಲ್ಲಿ ಚೆನ್ನಾಗಿದ್ದ ಗಿಡ ಬೇಸಿಗೆಯಲ್ಲಿ ಯಾಕೋ ಮಂಕಾಯಿತು’ ಎನ್ನುವವರ ಕಿಟಕಿ ಹೆಚ್ಚಾಗಿ ದಕ್ಷಿಣಕ್ಕೇ ಇರುತ್ತದೆ.

ಉತ್ತರದ ಕಿಟಕಿಯನ್ನು ನಾವು ಸುಮ್ನೆ ಕಡೆಗಣಿಸುತ್ತೇವೆ. ಲಂಡನ್ ಬಿಟ್ಟು ನಮ್ಮ ಊರಿನ ಲೆಕ್ಕದಲ್ಲಿ ನೋಡಿದರೆ ಅದು ಅಷ್ಟು ಕೆಟ್ಟದ್ದಲ್ಲ. ಮೇನಿಂದ ಜುಲೈವರೆಗೆ ಬೆಳಿಗ್ಗೆ ಬೇಗ ಮತ್ತು ಸಂಜೆ ಅಲ್ಲಿಗೆ ಓರೆಯಾಗಿ ಬಿಸಿಲು ಬರುತ್ತದೆ. ಎದುರು ಕಟ್ಟಡ ಇಲ್ಲದಿದ್ದರೆ ಉಳಿದ ತಿಂಗಳುಗಳಲ್ಲೂ ಹದವಾದ ಬೆಳಕು ಇರುತ್ತದೆ. ಗಿಡವನ್ನು ಗಾಜಿಗೆ ಹತ್ತಿರ, ಒಂದು ಅಡಿಯೊಳಗೆ ಇಡಬೇಕು.

ಎದುರು ಕಟ್ಟಡ ಇಲ್ಲದಿದ್ದರೆ ಎಂದೆನಲ್ಲ, ಬೆಂಗಳೂರಲ್ಲಿ ಅದೇ ದೊಡ್ಡ ಮಾತು. ಮೂವತ್ತು ನಲವತ್ತರ ಸೈಟಿನಲ್ಲಿ ಪಕ್ಕದ ಮನೆಯ ಗೋಡೆ ಕೈಚಾಚಿದರೆ ಸಿಗುತ್ತದೆ. ಅಲ್ಲಿ ದಿಕ್ಕಿಗಿಂತ ಮುಂದಿನ ಹೆಜ್ಜೆ ಮುಖ್ಯ.

ಹೆಜ್ಜೆ 3: ಗಿಡದ ಎತ್ತರಕ್ಕೆ ಕೂತು ಆಕಾಶ ನೋಡಿ

ಗಿಡ ಇಡಬೇಕೆಂದಿರುವ ಜಾಗದಲ್ಲಿ ಕೂತುಕೊಳ್ಳಿ. ನಿಮ್ಮ ಕಣ್ಣು ಎಲೆಗಳಿರುವ ಎತ್ತರಕ್ಕೆ ಬರಲಿ. ಈಗ ಕಿಟಕಿಯಾಚೆ ನೋಡಿ. ಆಕಾಶ ಕಾಣುತ್ತದಾ? ಎಷ್ಟು ಕಾಣುತ್ತದೆ?

ನೇರ ಬಿಸಿಲಿಲ್ಲದ ಜಾಗದಲ್ಲಿ ಗಿಡಕ್ಕೆ ಬರುವ ಬೆಳಕೆಲ್ಲ ಆಕಾಶದ ಆ ತುಂಡಿನಿಂದಲೇ ಬರಬೇಕು. ನಿಂತಾಗ ಕಾಣುವ ಆಕಾಶ ಕೂತಾಗ ಕಾಣದಿರಬಹುದು. ಕಿಟಕಿ ಪಕ್ಕದ ಗೋಡೆಗೆ ಒರಗಿಸಿಟ್ಟ ಕುಂಡ ಗಾಜಿಗೆ ಅರ್ಧ ಅಡಿ ದೂರದಲ್ಲೇ ಇದ್ದರೂ ಅದಕ್ಕೆ ಆಕಾಶ ಕಾಣುವುದಿಲ್ಲ. ಅದಕ್ಕಿಂತ ಕಿಟಕಿಗೆ ಎದುರಾಗಿ ನಾಲ್ಕು ಅಡಿ ದೂರದಲ್ಲಿರುವ ಗಿಡಕ್ಕೆ ಹೆಚ್ಚು ಸಿಗುತ್ತದೆ. ಕುಂಡವನ್ನು ನೆಲದಿಂದ ಎತ್ತಿ ಒಂದು ಸ್ಟೂಲಿನ ಮೇಲಿಟ್ಟರೆ ಎಷ್ಟೋ ಮನೆಗಳಲ್ಲಿ ಅರ್ಧ ಸಮಸ್ಯೆ ಮುಗಿಯುತ್ತದೆ.

ಮೋಡ ಕವಿದ ಆಕಾಶ ಅಂಚಿಗಿಂತ ನೆತ್ತಿಯಲ್ಲಿ ಸುಮಾರು ಮೂರು ಪಟ್ಟು ಪ್ರಕಾಶ ಇರುತ್ತದೆ. ಹಾಗಾಗಿ ಮೇಲಿನಿಂದ ಬೀಳುವ ಬೆಳಕಿಗೆ ಬೆಲೆ ಜಾಸ್ತಿ. ಮಲೆನಾಡಿನ ಹೆಂಚಿನ ಮನೆಗಳಲ್ಲಿ ನಡುವೆ ಒಂದೆರಡು ಗಾಜಿನ ಹೆಂಚು ಹಾಕಿರುತ್ತಾರಲ್ಲ, ಅದರ ಕೆಳಗಿನ ಜಾಗ, ಹಳೇ ತೊಟ್ಟಿ ಮನೆಯ ಜಗಲಿ, ಈಗಿನ ಮನೆಗಳ ಮೆಟ್ಟಿಲ ಮೇಲಿನ ಬೆಳಕಿಂಡಿ ಎಲ್ಲವೂ ಈ ಗಿಡಕ್ಕೆ ಹೇಳಿ ಮಾಡಿಸಿದವು. ಒಂದೇ ಎಚ್ಚರ: ಗಾಜಿನ ಹೆಂಚಿನಿಂದ ಬೇಸಿಗೆ ಮಧ್ಯಾಹ್ನದ ಬಿಸಿಲು ಒಂದೇ ಎಲೆಯ ಮೇಲೆ ತುಂಬಾ ಹೊತ್ತು ನಿಲ್ಲದಂತೆ ನೋಡಿಕೊಳ್ಳಿ.

ಕಿಟಕಿಯ ಮೇಲೇ ಬೆಳಕು ಕದಿಯುವವರಿದ್ದಾರೆ. ಸೊಳ್ಳೆ ಮೆಶ್, ಗ್ರಿಲ್, ಬಣ್ಣದ ಗಾಜು, ಸನ್ ಫಿಲ್ಮ್, ವರ್ಷದಿಂದ ಒರೆಸದ ಧೂಳು. ಒಂದೊಂದೂ ಸ್ವಲ್ಪ ಸ್ವಲ್ಪ ತಿನ್ನುತ್ತದೆ. ಸ್ಲೈಡಿಂಗ್ ಕಿಟಕಿಯಾದರೆ ಹಗಲಲ್ಲಿ ಮೆಶ್ ಇರುವ ಬಾಗಿಲನ್ನು ಗಿಡದ ಎದುರಿನಿಂದ ಪಕ್ಕಕ್ಕೆ ಸರಿಸಿ.

ಹೆಜ್ಜೆ 4: ಅಳೆಯಿರಿ

ಮೊದಲು ಕೈ ನೆರಳು. ಬಿಸಿಲಿರುವ ದಿನ ಮಧ್ಯಾಹ್ನ ಗಿಡದ ಜಾಗದಲ್ಲಿ ಒಂದು ಬಿಳಿ ಹಾಳೆ ಇಡಿ. ಒಂದಡಿ ಮೇಲೆ ಅಂಗೈ ಹಿಡಿಯಿರಿ. ಬೆರಳುಗಳೆಲ್ಲ ಬಿಡಿಬಿಡಿಯಾಗಿ, ಅಂಚು ಚೂಪಾಗಿ ನೆರಳು ಬಿದ್ದರೆ ಬೆಳಕು ಪ್ರಖರ. ಕೈ ಅಂತ ಗೊತ್ತಾಗುವಂತೆ, ಅಂಚು ಮಸುಕಾಗಿ ಬಿದ್ದರೆ ಮಾನ್‌ಸ್ಟೆರಾಗೆ ಹದ. ಏನೋ ಒಂದು ಕಪ್ಪು ಮಬ್ಬು ಮಾತ್ರ ಕಂಡರೆ ಸಾಲದು.

ಆಮೇಲೆ ಫೋನ್. ಲಕ್ಸ್ ಮೀಟರ್ ಎಂದು ಹುಡುಕಿದರೆ ಉಚಿತ ಆ್ಯಪ್‌ಗಳು ಸಿಗುತ್ತವೆ. ಆಂಡ್ರಾಯ್ಡ್ ಫೋನಿನಲ್ಲಿ ಸ್ಕ್ರೀನಿನ ಬೆಳಕು ತಾನೇ ಹೆಚ್ಚುಕಡಿಮೆ ಮಾಡುವ ಒಂದು ಸೆನ್ಸರ್ ಇರುತ್ತದೆ. ಸಾಮಾನ್ಯವಾಗಿ ಅದು ಸೆಲ್ಫಿ ಕ್ಯಾಮೆರಾದ ಪಕ್ಕದಲ್ಲಿರುತ್ತದೆ. ಆ್ಯಪ್ ಅದನ್ನೇ ಬಳಸುತ್ತದೆ. ಐಫೋನಿನಲ್ಲಿ ಆ್ಯಪ್‌ಗಳು ಕ್ಯಾಮೆರಾದಿಂದ ಅಂದಾಜು ಮಾಡುತ್ತವೆ, ಸ್ವಲ್ಪ ಏರುಪೇರು ಜಾಸ್ತಿ. ಎರಡೂ ಪ್ರಯೋಗಾಲಯದಷ್ಟು ನಿಖರವಲ್ಲ. ಆದರೆ ಈ ಮೂಲೆಗೂ ಆ ಮೂಲೆಗೂ ಹೋಲಿಸಲು ಧಾರಾಳ ಸಾಕು.

ಫೋನನ್ನು ಎಲೆಯ ಪಕ್ಕದಲ್ಲಿ, ಎಲೆ ಮುಖ ಮಾಡಿರುವ ಕಡೆಗೇ ಸ್ಕ್ರೀನ್ ತಿರುಗಿಸಿ ಹಿಡಿಯಿರಿ. ನಿಮ್ಮ ತಲೆಯ ನೆರಳು ಬೀಳಬಾರದು. ಬೆಳಿಗ್ಗೆ 9, ಮಧ್ಯಾಹ್ನ 12, ಸಂಜೆ 4, ಹೀಗೆ ಮೂರು ಸಲ ಬರೆದುಕೊಳ್ಳಿ. ಮೋಡದ ದಿನ ಇನ್ನೊಮ್ಮೆ. ಹಾಗೇ ಕಿಟಕಿಯಿಂದ ಒಂದು ಅಡಿ, ಮೂರು ಅಡಿ, ಆರು ಅಡಿ ದೂರದಲ್ಲೂ ನೋಡಿ. ಬೆಳಕು ಎಷ್ಟು ಬೇಗ ಕುಸಿಯುತ್ತದೆ ಎಂಬುದು ನಿಮ್ಮ ಕಣ್ಣಿಗೇ ಬೀಳಲಿ. ಆಮೇಲೆ ಗಿಡವನ್ನು ಟಿವಿ ಪಕ್ಕಕ್ಕೆ ಇಡುವ ಮನಸ್ಸೇ ಬರುವುದಿಲ್ಲ.

ಮಾನ್‌ಸ್ಟೆರಾಗೆ ನಾನು ಇಟ್ಟುಕೊಂಡಿರುವ ಲೆಕ್ಕ ಇದು. ಹಗಲಿನ ಬಹುಪಾಲು 500 ಲಕ್ಸ್‌ಗಿಂತ ಕಡಿಮೆ ಇದ್ದರೆ ಗಿಡ ನಿಧಾನಕ್ಕೆ ಸವೆಯುತ್ತದೆ. 1,000ದಿಂದ 2,500ರವರೆಗೆ ಬದುಕುತ್ತದೆ, ಬೆಳವಣಿಗೆ ನಿಧಾನ. 5,000ದಿಂದ 15,000ದವರೆಗೆ ದಿನಕ್ಕೆ ಹಲವು ಗಂಟೆ ಸಿಕ್ಕರೆ ಸೀಳಿರುವ ದೊಡ್ಡ ಎಲೆ ಬರುತ್ತದೆ. ಮಧ್ಯಾಹ್ನ 25,000 ದಾಟಿ ಗಂಟೆಗಟ್ಟಲೆ ನಿಂತರೆ ಒಗ್ಗಿಸದ ಗಿಡದ ಎಲೆ ಸುಡಬಹುದು. ಗಿಡಕ್ಕೆ ಲೆಕ್ಕವಾಗುವುದು ಇಡೀ ದಿನದ ಒಟ್ಟು ಬೆಳಕು. ಅರ್ಧ ಗಂಟೆ 20,000 ಬಂದು ಉಳಿದ ಹೊತ್ತು 300 ಇರುವ ಜಾಗಕ್ಕಿಂತ, ಹತ್ತು ಗಂಟೆ 4,000 ಇರುವ ಜಾಗ ಎಷ್ಟೋ ಮೇಲು.

ಹೆಜ್ಜೆ 5: ಜಾಗಕ್ಕೆ ನಿಧಾನವಾಗಿ ಒಗ್ಗಿಸಿ

ನೆರಳಲ್ಲಿ ಹುಟ್ಟಿದ ಎಲೆ ಬಿಸಿಲು ತಡೆಯುವುದಿಲ್ಲ. ಮೂಲೆಯಲ್ಲಿದ್ದ ಗಿಡವನ್ನು ಇವತ್ತೇ ಬಾಲ್ಕನಿ ಬಿಸಿಲಿಗೆ ಇಟ್ಟರೆ ಎರಡು ಮೂರು ದಿನಕ್ಕೆ ಬಿಳಿಚಿದ ಮಚ್ಚೆ ಏಳುತ್ತದೆ, ಆಮೇಲೆ ಅದು ಕಂದಾಗಿ ಒಣಗುತ್ತದೆ. ಅದು ಮತ್ತೆ ಹಸಿರಾಗುವುದಿಲ್ಲ. ಹಾಗಾಗಿ ವಾರಕ್ಕೊಮ್ಮೆ ಒಂದೆರಡು ಅಡಿಯಂತೆ ಕಿಟಕಿಯತ್ತ ಸರಿಸಿ. ಎರಡು ಮೂರು ವಾರ ಹಿಡಿದರೂ ಪರವಾಗಿಲ್ಲ. ನರ್ಸರಿಯಿಂದ ಹೊಸದಾಗಿ ತಂದ ಗಿಡವನ್ನು ಮಾತ್ರ ನೇರವಾಗಿ ಮನೆಯ ಅತಿ ಬೆಳಕಿನ ಜಾಗದಲ್ಲೇ ಇಡಿ. ಅಲ್ಲಿಯೂ ಅದಕ್ಕೆ ಮುಂಚಿನದಕ್ಕಿಂತ ಕಡಿಮೆಯೇ ಸಿಗುತ್ತಿರುತ್ತದೆ.

ಕುಂಡವನ್ನು ವಾರಕ್ಕೊಮ್ಮೆ ತಿರುಗಿಸಬೇಕು ಎಂಬ ಸಲಹೆ ಎಲ್ಲ ಕಡೆ ಇದೆ. ಕಡ್ಡಿಗೆ ಹತ್ತಿಸಿದ ಮಾನ್‌ಸ್ಟೆರಾಗೆ ನಾನು ಅದನ್ನು ಒಪ್ಪುವುದಿಲ್ಲ. ಈ ಗಿಡಕ್ಕೆ ಮುಂದು, ಹಿಂದು ಇದೆ. ಎಲೆಗಳು ಬೆಳಕಿನತ್ತ ಮುಖ ಮಾಡುತ್ತವೆ, ಗಾಳಿಬೇರುಗಳು ಹಿಂದಕ್ಕೆ ಹೊರಡುತ್ತವೆ. ಮಾಸ್ ಸ್ಟಿಕ್ (ಬಳ್ಳಿ ಹತ್ತಲು ಕುಂಡದಲ್ಲಿ ನೆಡುವ ಕಡ್ಡಿ) ಬೇರಿನ ಕಡೆಗಿರಲಿ, ಎಲೆಯ ಮುಖ ಕಿಟಕಿಯತ್ತ ಇರಲಿ, ಹಾಗೇ ಬಿಡಿ. ಪದೇ ಪದೇ ತಿರುಗಿಸಿದರೆ ಎಲೆಗಳು ಪ್ರತಿ ಸಲವೂ ತೊಟ್ಟು ತಿರುಚಿಕೊಂಡು ಹೊಸದಾಗಿ ಬೆಳಕು ಹುಡುಕಬೇಕಾಗುತ್ತದೆ. ಕಡ್ಡಿಯಿಲ್ಲದೆ ಪೊದೆಯಾಗಿ ಬೆಳೆದಿದ್ದರೆ ತಿಂಗಳಿಗೊಮ್ಮೆ ಕಾಲು ಸುತ್ತು ತಿರುಗಿಸಿದರೆ ಸಾಕು.

ಎಲೆಯ ಮೇಲಿನ ಧೂಳನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ. ಹೊಳಪಿಗೆಂದು ಕೊಬ್ಬರಿ ಎಣ್ಣೆ, ಹಾಲು ಹಚ್ಚಬೇಡಿ. ಅದಕ್ಕೆ ಇನ್ನಷ್ಟು ಧೂಳು ಅಂಟುತ್ತದೆ. ಎಲೆ, ದಂಟು ಕಚ್ಚಿದರೆ ಬಾಯಿ ತುರಿಸಿ ಉರಿಯುತ್ತದೆ, ಕೆಸುವಿನ ಜಾತಿಯದಲ್ವಾ. ಚಿಕ್ಕ ಮಕ್ಕಳು, ನಾಯಿ, ಬೆಕ್ಕು ಇದ್ದರೆ ಕಿಟಕಿಯ ಹತ್ತಿರವಾದರೂ ಕೈಗೆಟುಕದ ಎತ್ತರ ಆರಿಸಿ.

ಹೆಜ್ಜೆ 6: ಮಳೆಗಾಲಕ್ಕೆ ಜಾಗ ಬದಲಿಸಿ

ಬೆಂಗಳೂರಿನ ಅತಿ ದೀರ್ಘ ಹಗಲಿಗೂ ಅತಿ ಕಿರಿದಾದ ಹಗಲಿಗೂ ಇರುವ ವ್ಯತ್ಯಾಸ ಒಂದೂವರೆ ಗಂಟೆ ಮಾತ್ರ. ಲಂಡನ್‌ನಲ್ಲಿ ಅದು ಎಂಟು ಗಂಟೆಗೂ ಹೆಚ್ಚು. ಅವರಿಗೆ ಡಿಸೆಂಬರ್ ಕತ್ತಲು. ನಮಗೆ ಡಿಸೆಂಬರ್‌ನಲ್ಲಿ ಶುಭ್ರ ಬಿಸಿಲು. ನಮ್ಮ ಕತ್ತಲೆಯ ಕಾಲ ಆರಿದ್ರಾ, ಪುನರ್ವಸು ಮಳೆ ಹಿಡಿದು ಕೂತಾಗ ಶುರು. ದಟ್ಟ ಮೋಡದಲ್ಲಿ ಬಯಲಿನ 1 ಲಕ್ಷ ಲಕ್ಸ್ 10,000ಕ್ಕೆ, ಒಮ್ಮೊಮ್ಮೆ ಅದಕ್ಕಿಂತಲೂ ಕೆಳಗೆ ಇಳಿಯುತ್ತದೆ. ಒಳಗಿನ ಬೆಳಕೂ ಅದೇ ಪ್ರಮಾಣದಲ್ಲಿ ಇಳಿಯುತ್ತದೆ. ಮಂಗಳೂರು, ಉಡುಪಿ, ಆಗುಂಬೆ ಕಡೆ ಇದು ವಾರಗಟ್ಟಲೆ ಬಿಡುವುದಿಲ್ಲ.

ಜೂನ್ ಮೊದಲ ವಾರವೇ ಗಿಡವನ್ನು ಗಾಜಿನ ಹತ್ತಿರಕ್ಕೆ ತನ್ನಿ. ಕರ್ಟನ್ ಪೂರ್ತಿ ಸರಿಸಿ. ಮಳೆ ಎರಚಲು ಬೀಳದ ಬಾಲ್ಕನಿ ಇದ್ದರೆ ಅಲ್ಲಿಗೇ ಇಡಿ, ಈ ಕಾಲದಲ್ಲಿ ಸುಡುವ ಭಯ ಕಡಿಮೆ. ಸೆಪ್ಟೆಂಬರ್ ಕೊನೆಗೆ, ಬಿಸಿಲು ಮತ್ತೆ ಚುರುಕಾಗುವ ಮೊದಲು, ಹಿಂದಕ್ಕೆ ಸರಿಸಿ.

ನೀರಿನ ವಿಷಯವನ್ನು ಇಲ್ಲೇ ಹೇಳಬೇಕು. ಬೆಳಕು ಕಡಿಮೆಯಾದಾಗ ಗಿಡ ನೀರು ಕುಡಿಯುವುದೂ ಕಡಿಮೆ. ಗಾಳಿಯಲ್ಲೂ ತೇವ ತುಂಬಿರುತ್ತದೆ. ಬೇಸಿಗೆಯ ರೂಢಿಯಲ್ಲೇ ವಾರಕ್ಕೆರಡು ಸಲ ಹಾಕುತ್ತಾ ಹೋದರೆ ಬೇರು ಕೊಳೆಯುತ್ತದೆ. ಬೆರಳನ್ನು ಎರಡು ಇಂಚು ಮಣ್ಣೊಳಗೆ ಇಳಿಸಿ ನೋಡಿ. ಒಣಗಿದ್ದರೆ ಮಾತ್ರ ನೀರು. ಮಳೆಗಾಲದಲ್ಲಿ ಸತ್ತ ಮಾನ್‌ಸ್ಟೆರಾಗಳ ಪೈಕಿ ಹೆಚ್ಚಿನವು ಕತ್ತಲು ಮತ್ತು ನೀರು ಎರಡೂ ಒಟ್ಟಿಗೆ ಸೇರಿ ಸತ್ತವು.

ಹೆಜ್ಜೆ 7: ಕಿಟಕಿ ಸಾಲದಿದ್ದರೆ ಬಲ್ಬ್

ಗ್ರೋ ಲೈಟ್, ಅಂದರೆ ಗಿಡ ಬೆಳೆಸಲು ಹಾಕುವ ದೀಪ, ನೇರಳೆ ಬಣ್ಣದ್ದೇ ಆಗಬೇಕಿಲ್ಲ. ಮಾಮೂಲಿ ಬಿಳಿ ಎಲ್‌ಇಡಿಯಲ್ಲೂ ಗಿಡ ಚೆನ್ನಾಗಿ ಬೆಳೆಯುತ್ತದೆ. ಬೆಳಕಿನ ಬಣ್ಣದ ಅಳತೆ ಕೆಲ್ವಿನ್. ಪೆಟ್ಟಿಗೆಯ ಮೇಲೆ 4,000ದಿಂದ 6,500 ಕೆಲ್ವಿನ್ ಎಂದಿದ್ದರೆ ಸರಿ. ಗುಟ್ಟಿರುವುದು ದೂರದಲ್ಲಿ.

ಬಲ್ಬ್ ಹೊರಡಿಸುವ ಒಟ್ಟು ಬೆಳಕಿನ ಅಳತೆ ಲ್ಯೂಮೆನ್. 9 ವ್ಯಾಟ್‌ನ ಬಲ್ಬ್ ಸುಮಾರು 900 ಲ್ಯೂಮೆನ್ ಕೊಡುತ್ತದೆ. ಅದನ್ನು ಎಲೆಯಿಂದ ಒಂದು ಅಡಿ ಮೇಲೆ ಹಿಡಿದರೆ ಅಂದಾಜು 1,500 ಲಕ್ಸ್ ಬೀಳುತ್ತದೆ. ಎರಡು ಅಡಿಗೆ ಏರಿಸಿದರೆ ಅದು ಕಾಲು ಭಾಗಕ್ಕೆ ಇಳಿದು 400ರ ಹತ್ತಿರ ಬರುತ್ತದೆ. ಸೀಲಿಂಗಿನಲ್ಲಿದ್ದರೆ ಗಿಡಕ್ಕೆ ತಲುಪುವುದು 50 ಕೂಡ ಇಲ್ಲ. ‘ರಾತ್ರಿ ಹತ್ತರವರೆಗೆ ಹಾಲ್‌ನ ಲೈಟ್ ಉರಿಯುತ್ತಿರುತ್ತಲ್ಲ’ ಎನ್ನುವುದು ಗಿಡದ ಲೆಕ್ಕಕ್ಕೆ ಬರುವುದೇ ಇಲ್ಲ. ಬಲ್ಬಿಗೆ ಒಳಗೆ ಬಿಳಿ ಇರುವ ಟೋಪಿಯಂಥ ಶೇಡ್ ಹಾಕಿದರೆ ಪಕ್ಕಕ್ಕೆ ಚೆಲ್ಲಿಹೋಗುವ ಬೆಳಕು ಕೆಳಗೆ ಬೀಳುತ್ತದೆ. ದೊಡ್ಡ ಗಿಡಕ್ಕೆ ಎರಡು ಮೂರು ಬಲ್ಬ್ ಬೇಕಾಗಬಹುದು.

ದಿನಕ್ಕೆ ಹತ್ತು ಹನ್ನೆರಡು ಗಂಟೆ ಉರಿಸಿ. ಪ್ಲಗ್ಗಿಗೆ ಹಾಕುವ ಟೈಮರ್ ಕೊಂಡರೆ ನೆನಪಿಡುವ ತಾಪತ್ರಯವಿಲ್ಲ. 9 ವ್ಯಾಟ್‌ನ ಒಂದು ಬಲ್ಬ್ ಹನ್ನೆರಡು ಗಂಟೆಯಂತೆ ತಿಂಗಳಿಗೆ ತಿನ್ನುವುದು ಮೂರು ಯೂನಿಟ್ ಚಿಲ್ಲರೆ. ರಾತ್ರಿಯಿಡೀ ಮಾತ್ರ ಉರಿಸಬೇಡಿ, ಗಿಡಕ್ಕೂ ಕತ್ತಲೆಯ ಹೊತ್ತು ಬೇಕು.

ಹೆಜ್ಜೆ 8: ಹೊಸ ಎಲೆ ಏನು ಹೇಳುತ್ತಿದೆ ನೋಡಿ

ಜಾಗ ಬದಲಿಸಿದ ಮರುದಿನವೇ ಫಲ ಹುಡುಕಬೇಡಿ. ಈಗಾಗಲೇ ಬಿಚ್ಚಿಕೊಂಡಿರುವ ಎಲೆಯಲ್ಲಿ ಹೊಸ ಸೀಳು ಮೂಡುವುದಿಲ್ಲ. ನಿಮ್ಮ ಬದಲಾವಣೆಯ ಉತ್ತರ ಮುಂದಿನ ಎಲೆಯಲ್ಲಿ, ಅಥವಾ ಅದರ ಮುಂದಿನದರಲ್ಲಿ ಬರುತ್ತದೆ. ಸುರುಳಿಯಾಗಿ, ತಿಳಿಹಸಿರು ಬಣ್ಣದಲ್ಲಿ ಹೊರಬರುವ ಆ ಎಲೆಯನ್ನು ಹಿಂದಿನದರ ಪಕ್ಕ ಹಿಡಿದು ನೋಡಿ. ಅಗಲ ಹೆಚ್ಚಾಗಿದ್ದು, ಎರಡು ಎಲೆಗಳ ನಡುವಿನ ಗೆಣ್ಣಿನ ಅಂತರ ಕಿರಿದಾಗಿದ್ದರೆ ಜಾಗ ಸರಿಯಾಗಿದೆ. ಎಳೆಯ ಗಿಡ ಎಷ್ಟೇ ಬೆಳಕಿದ್ದರೂ ಕೆಲವು ಎಲೆಗಳವರೆಗೆ ಸೀಳು ಬಿಡುವುದಿಲ್ಲ. ಅದು ವಯಸ್ಸಿನ ಮಾತು, ಕಾಯಬೇಕು.

ಬೆಳಕು ಸಾಲದ್ದಕ್ಕೆ ಗುರುತು: ಗೆಣ್ಣಿನ ಅಂತರ ಉದ್ದ, ಎಲೆ ಚಿಕ್ಕದು, ಕುಂಡದ ಮಣ್ಣು ಹತ್ತು ದಿನವಾದರೂ ಒದ್ದೆ, ಅದರ ಸುತ್ತ ಸಣ್ಣ ಕರಿ ನೊಣಗಳು. ಬೆಳಕು ಹೆಚ್ಚಾದದ್ದಕ್ಕೆ ಗುರುತು: ಇಡೀ ಎಲೆ ಮಾಸಲು ಹಳದಿ ಹಸಿರು, ಕಿಟಕಿಯ ಕಡೆಗಿರುವ ಭಾಗದಲ್ಲಿ ಮಾತ್ರ ಒಣ ಮಚ್ಚೆ. ಕೆಳಗಿನ ಎಲೆಗಳು ಒಂದೊಂದಾಗಿ ಮೆತ್ತಗಾಗಿ ಹಳದಿಯಾಗುತ್ತಿದ್ದರೆ ಮೊದಲು ನೀರನ್ನು ಅನುಮಾನಿಸಿ.

ಬಿಳಿ ಮಚ್ಚೆಯ ದುಬಾರಿ ಮಾನ್‌ಸ್ಟೆರಾ ಇಟ್ಟುಕೊಂಡವರಿಗೆ ಒಂದು ಮಾತು. ಬಿಳಿ ಭಾಗದಲ್ಲಿ ಪತ್ರಹರಿತ್ತು ಇಲ್ಲ, ಆಹಾರ ತಯಾರಾಗುವುದು ಹಸಿರು ಭಾಗದಲ್ಲಿ ಮಾತ್ರ. ಆದ್ದರಿಂದ ಅದಕ್ಕೆ ಬೆಳಕು ಇನ್ನಷ್ಟು ಬೇಕು. ಆದರೆ ಬಿಸಿಲಿಗೆ ಮೊದಲು ಸುಡುವುದೂ ಆ ಬಿಳಿ ಭಾಗವೇ. ಪೂರ್ವದ ಕಿಟಕಿ ಅಥವಾ ಬಲ್ಬ್, ಇವೆರಡು ಬಿಟ್ಟು ಬೇರೆ ಜಾಗದ ಯೋಚನೆ ಬೇಡ.

ಲಂಡನ್, ಟೊರೊಂಟೊ, ನ್ಯೂಜೆರ್ಸಿಯಲ್ಲಿರುವ ನಮ್ಮವರು ಮೇಲಿನ ದಿಕ್ಕಿನ ಲೆಕ್ಕವನ್ನು ಹಾಗೇ ಬಳಸಬೇಡಿ. ಡಿಸೆಂಬರ್‌ನಲ್ಲಿ ಲಂಡನ್ನಿನ ಮಧ್ಯಾಹ್ನದ ಸೂರ್ಯ 15 ಡಿಗ್ರಿಯಷ್ಟೇ ಮೇಲೇರುತ್ತಾನೆ. ಅಲ್ಲಿ ಚಳಿಗಾಲದಲ್ಲಿ ಗಿಡವನ್ನು ದಕ್ಷಿಣದ ಕಿಟಕಿಗೆ ಆದಷ್ಟು ಹತ್ತಿರ ಇಡಬಹುದು, ಸುಡುವುದಿಲ್ಲ. ತಣ್ಣನೆಯ ಗಾಜಿಗೆ ಎಲೆ ತಾಗದಂತೆ, ಕೆಳಗಿರುವ ಹೀಟರಿನ ಬಿಸಿಗಾಳಿ ನೇರ ಬಡಿಯದಂತೆ ನೋಡಿಕೊಳ್ಳಿ. ಅಕ್ಟೋಬರ್‌ನಿಂದ ಮಾರ್ಚ್‌ವರೆಗೆ ಬಲ್ಬ್ ಹಾಕುವುದು ಅಲ್ಲಿ ಹೆಚ್ಚುಕಡಿಮೆ ಕಡ್ಡಾಯ. ಕೂತು ಆಕಾಶ ನೋಡುವುದು, ಲಕ್ಸ್ ಅಳೆಯುವುದು ಎಲ್ಲ ಊರಿಗೂ ಒಂದೇ.